ಕೊನೆಯ ಸುರುಳಿ ಮೊದಲು

ಲಮುನಳ ಗಂಟಲಲ್ಲಿ ಎಷ್ಟು ಜನ ವಾಸವಾಗಿದ್ದಾರೆಂದು ನಮ್ಮ ಮೇಕಾಂಗ್ ಹೊಳೆಸಾಲಿನಲ್ಲಿ ಯಾರೂ ಸರಿಯಾಗಿ ಎಣಿಸಿದವರಿಲ್ಲ. ನಾಯಕ, ನಾಯಕಿ, ಖಳ, ಖಳನ ಮುದಿ ತಾಯಿ, ಪೊಲೀಸು, ಭಿಕ್ಷು, ಕುಡುಕ, ಎಮ್ಮೆ, ಇಷ್ಟಂತೂ ಊರೆಲ್ಲ ಕೇಳಿದ್ದೇವೆ. ಆಗ ಬ್ಯಾಂಕಾಕಿನಿಂದ ಬರುತ್ತಿದ್ದ ಸಿನಿಮಾಗಳಿಗೆ ಬಾಯಿತ್ತು, ಮಾತಿರಲಿಲ್ಲ. ಡಬ್ಬಿಯಲ್ಲಿ ಸುರುಳಿಗಳು ಬರುತ್ತಿದ್ದವು, ಜೊತೆಗೊಂದು ಮಾತಿನ ಪುಸ್ತಕ. ತೆರೆಯ ಮೇಲೆ ತುಟಿ ಆಡಿದಾಗಲೆಲ್ಲ ಕೆಳಗೆ ಮೈಕು ಹಿಡಿದವರು ಮಾತಾಡಬೇಕು. ಬೇರೆ ಕಡೆ ಗಂಡಸೊಬ್ಬ, ಹೆಂಗಸೊಬ್ಬಳು ಹಂಚಿಕೊಂಡು ಮಾಡುವ ಕೆಲಸವನ್ನು ಲಮುನ್ ಒಬ್ಬಳೇ ಮಾಡುತ್ತಿದ್ದಳು.

ಅವಳು ಈ ಕಸುಬಿಗೆ ಬಂದದ್ದೇ ಆಕಸ್ಮಿಕ. ಅವಳಿಗೆ ಹದಿನಾರಿದ್ದಾಗ ಔಷಧಿ ಮಾರುವ ಲಾರಿಯೊಂದು ಊರಿಗೆ ಬಂದಿತ್ತು. ಪುಕ್ಕಟೆ ಸಿನಿಮಾ ತೋರಿಸಿ ನಡುನಡುವೆ ಮಾತ್ರೆ ಮಾರುವುದು ಅವರ ದಂಧೆ. ಮಾತಾಡುವ ಮನುಷ್ಯ ಎರಡನೆಯ ಸುರುಳಿಯಲ್ಲೇ ಹೆಂಡ ಹೆಚ್ಚಾಗಿ ಮಗುಚಿಕೊಂಡ. ತೆರೆಯ ಮೇಲೆ ನಾಯಕಿ ಬಾಯಿ ಬಡಿಯುತ್ತಿದ್ದಾಳೆ, ಸದ್ದಿಲ್ಲ. ಚಾಪೆಯ ಮೇಲೆ ಕೂತಿದ್ದ ಲಮುನ್ ಎದ್ದು ನಿಂತು, "ಲೋ ಮುಟ್ಠಾಳ, ನನ್ನ ಹೆಗಲ ಬಟ್ಟೆ ಬಿಡೋದಾದ್ರೆ ಬಿಡು, ಇಲ್ಲಾಂದ್ರೆ ಒಗೆದಾದ್ರೂ ಕೊಡು" ಎಂದಳು. ಜನ ಬಿದ್ದು ಬಿದ್ದು ನಕ್ಕರು. ಲಾರಿಯವನು ಆ ರಾತ್ರಿಯೇ ಅವಳ ಕೈಗೆ ಮೈಕು ಕೊಟ್ಟ. ಲಾರಿಯಲ್ಲಿ ಯಂತ್ರ ತಿರುಗಿಸುತ್ತಿದ್ದ ಬುನ್‌ರೋಡ್ ಮೂರು ವರ್ಷದ ಮೇಲೆ ಅವಳನ್ನು ಮದುವೆಯಾದ. ಅವನು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಿಂದ ಆ ಮನೆಯಲ್ಲಿ ಯಾವತ್ತೂ ಜಗಳ ಮುಂದುವರಿಯಲಿಲ್ಲ.

ಅವಳ ಕೈಯಲ್ಲಿ ಮಾತಿನ ಪುಸ್ತಕ ಬರೀ ನೆಪ. ನಾಯಕ ಸಾಯುವ ಮುಂಚೆ ಜಂತುಹುಳದ ಮಾತ್ರೆಯ ಗುಣಗಾನ ಮಾಡಿ ಸಾಯುತ್ತಿದ್ದ. ಖಳನ ಬಾಯಲ್ಲಿ ನಮ್ಮ ಊರಿನ ಜಿಪುಣರ ಹೆಸರು ಬರುತ್ತಿತ್ತು. ಕೆಲಸ ಮುಗಿಸಿ ಉಪ್ಪು ಹಾಕಿದ ನಿಂಬೆ ಚೀಪುತ್ತ ಕೂತಾಗ ಮಾತ್ರ ಅವಳದೇ ದನಿ, ಸಣ್ಣದು, ಸ್ವಲ್ಪ ಒಡಕು. ಅದನ್ನು ಕೇಳಿದವರು ಕಡಿಮೆ.

ಹರಕೆಯ ಆಟಗಳನ್ನೂ ಅವಳು ಆಡುತ್ತಿದ್ದಳು. ನಮ್ಮ ಕಡೆ ಮಗ ಸೈನ್ಯಕ್ಕೆ ಆಳು ಆರಿಸುವ ಚೀಟಿಯಿಂದ ತಪ್ಪಿಸಿಕೊಂಡರೆ, ಕಳೆದ ಎಮ್ಮೆ ಸಿಕ್ಕಿದರೆ, ಹೆಣ್ಣಿಗೆ ಗಂಡು ಗಟ್ಟಿಯಾದರೆ, ಊರ ಕಾಯುವ ಪೂತಾ ಅಜ್ಜನ ಗುಡಿಯೆದುರು ಸಿನಿಮಾ ಹಾಕಿಸುತ್ತಾರೆ. ನೋಡುವವರು ಅಜ್ಜ ಮತ್ತು ಅವನ ಪರಿವಾರ ಮಾತ್ರ. ಮುಂದೆ ನಾಲ್ಕು ಖಾಲಿ ಕುರ್ಚಿ ಹಾಕಿ, ಅವಕ್ಕೊಂದೊಂದು ಲೋಟ ಸಿಹಿನೀರು ಇಟ್ಟು, ಹರಕೆ ಹೊತ್ತವರು ಪಕ್ಕದಲ್ಲಿ ಕೂರಬಹುದು. ಜನವಿಲ್ಲದಿದ್ದರೂ ಸಿನಿಮಾದ ಒಂದು ಮಾತೂ ಬಿಡುವಂತಿಲ್ಲ. "ಜನಕ್ಕೆ ಮೋಸ ಮಾಡಿದ್ರೂ ನಡೆಯತ್ತೆ, ಕುರ್ಚಿಗೆ ಮೋಸ ಮಾಡ್ಬಾರ್ದು" ಎಂದು ಲಮುನ್ ಹೇಳುತ್ತಿದ್ದಳು.

ಇನ್ನು ಅವಳ ಅವ್ವ ಬುವಾಲಾಯ್. ಬುವಾಲಾಯಳ ಗಂಡ, ಲಮುನಳ ಅಪ್ಪ ಕೇನ್ ಮೇಷ್ಟ್ರು ನಮ್ಮ ಶಾಲೆಗೆ ಮೊದಲ ಮೇಷ್ಟ್ರು. ಯುದ್ಧದ ಕಾಲದಲ್ಲಿ, ಮಳೆಗಾಲದ ಒಂದು ಬೆಳಗ್ಗೆ, ಶತ್ರು ಸೈನ್ಯದ ವಿರುದ್ಧ ಕಾಡಿನಲ್ಲಿ ಗುಟ್ಟಾಗಿ ಕವಾಯತು ಕಲಿಯುತ್ತಿದ್ದವರ ಪತ್ರ ತೆಗೆದುಕೊಂಡು ಹೊಳೆಯಾಚೆಗೆ ಹೊರಟರು. ಲಮುನ್ ಆಗ ನಲವತ್ತು ದಿನದ ಕೂಸು. ಸಂಜೆ ದೋಣಿ ಮಗುಚಿಕೊಂಡು ಬಿದಿರ ಮೆಳೆಗೆ ತಗುಲಿ ಸಿಕ್ಕಿತು. ಮೇಷ್ಟ್ರು ಸಿಗಲಿಲ್ಲ. ದೋಣಿ ಕೊಟ್ಟಿದ್ದ ಅಂಬಿಗ ಸೀಲಾ ದಡದಲ್ಲಿದ್ದವನು, ಸುಳಿ ದೋಣಿಯನ್ನು ತಿರುಗಿಸಿದ್ದನ್ನು ಕಣ್ಣಾರೆ ಕಂಡೆನೆಂದು ಹೇಳಿದ. ಬುವಾಲಾಯ್ ಅಂದೇ ಗುಡಿಗೆ ಹೋಗಿ, "ನನ್ನ ಗಂಡ ದೋಣಿಗಟ್ಟೆಯ ಮೆಟ್ಟಿಲು ಹತ್ತಿ ಬಂದರೆ ನಿನಗೊಂದು ಆಟ ಆಡಿಸುತ್ತೇನೆ" ಎಂದು ಹರಕೆ ಹೊತ್ತಳು.

ಹರಕೆ ಹಾಗೇ ಉಳಿಯಿತು. ಅದರಿಂದ ಇನ್ನೊಂದು ಕೆಲಸವೂ ಉಳಿಯಿತು. ಸತ್ತವರ ಹೆಸರಿನಲ್ಲಿ ಭಿಕ್ಷುಗಳನ್ನು ಕರೆದು, ಊರಿಗೆಲ್ಲ ಅನ್ನ ಹಂಚುವ ಶಾಸ್ತ್ರ ನಮ್ಮಲ್ಲಿದೆ. ಆ ಅನ್ನ ಸತ್ತವರಿಗೆ ಮುಟ್ಟುತ್ತದೆ. ಹಂಚದಿದ್ದರೆ ಅವರು ಹಸಿದು ಅಲೆಯುತ್ತಾರೆ. ಮೇಷ್ಟ್ರ ಹೆಸರಲ್ಲಿ ಯಾರೂ ಅನ್ನ ಹಂಚಲಿಲ್ಲ. ನಾದಿನಿ ಪ್ರತಿ ವರ್ಷ ಬಂದು ಬೈಯುತ್ತಿದ್ದಳು.

"ನನ್ನ ಅಣ್ಣನ್ನ ಹೊಟ್ಟೆಗಿಲ್ದಂಗೆ ಇಟ್ಟಿದ್ದೀಯಲ್ಲೇ. ನಿಂಗೆ ಪಾಪ ಅನ್ನಿಸಲ್ವಾ?"

"ಬರ್ತಾರೆ ಅಂತ ಅಜ್ಜನ ಮುಂದೆ ಹರಕೆ ಕಟ್ಟಿ ಕೂತಿದ್ದೀನಿ. ಇತ್ಲಾಗೆ ಸತ್ರು ಅಂತ ಅನ್ನ ಹಂಚಿದ್ರೆ ಅಜ್ಜಂಗೆ ಏನಂತ ಮುಖ ತೋರಿಸ್ಲಿ? ಹರಕೆ ಬಿಡೋಕಾಗಲ್ಲ, ತೀರಿಸೋಕೂ ಆಗಲ್ಲ" ಎನ್ನುತ್ತಿದ್ದಳು ಬುವಾಲಾಯ್. ಬರುವುದೂ ಇಲ್ಲ, ಹೋಗುವುದೂ ಇಲ್ಲ, ಹೀಗೆ ಇಪ್ಪತ್ತೈದು ಮಳೆಗಾಲ ಕಳೆಯಿತು.

ಆಗ ಬ್ಯಾಂಕಾಕಿನವರು ಮೇಷ್ಟ್ರ ಮೇಲೆಯೇ ಒಂದು ಸಿನಿಮಾ ತೆಗೆದರು. ಯಾರಿಂದಲೋ ಕಥೆ ಕೇಳಿದ್ದರಂತೆ. ಊರಿನ ಹೆಸರು ನಮ್ಮದೇ, ಮೇಷ್ಟ್ರ ಹೆಸರು ಅದೇ. ಆದರೆ ಕೊನೆಯದಾದ ನಾಲ್ಕನೆಯ ಸುರುಳಿಯಲ್ಲಿ ಮೇಷ್ಟ್ರು ಸುಳಿಯಿಂದ ಎದ್ದು ಬಂದು, ಶತ್ರುಗಳ ನಾಯಕನನ್ನು ಅವನದೇ ಬೂಟಿನಿಂದ ಹೊಡೆದು, ಬಿಳಿ ಅಂಗಿಯಲ್ಲಿ ಮೆಟ್ಟಿಲು ಹತ್ತಿ ಬರುತ್ತಾರೆ. ಹೆಂಡತಿ ಹೂ ಹಿಡಿದು ನಿಂತಿರುತ್ತಾಳೆ. ಟಿಕೆಟ್ ತೆಗೆದವನು ಅಳುತ್ತ ಮನೆಗೆ ಹೋಗಬಾರದು ಎನ್ನುವುದು ಅವರ ಧರ್ಮ. ಚರಿತ್ರೆಯಲ್ಲಿ ಬಿದ್ದ ಕೋಟೆಗಳೆಲ್ಲ ಟಾಕೀಸಿನಲ್ಲಿ ಗೆದ್ದದ್ದನ್ನು ನಾವೂ ಎಷ್ಟೋ ಸಲ ನೋಡಿ ಚಪ್ಪಾಳೆ ತಟ್ಟಿದ್ದೇವೆ. ಆ ಕೋಟೆಗಳಲ್ಲಿ ಸತ್ತವರ ಹೆಂಡಿರು ಯಾರೂ ಬದುಕಿರಲಿಲ್ಲವಾದ್ದರಿಂದ ತೊಂದರೆಯಾಗಲಿಲ್ಲ.

ಪೇಟೆಯ ಟಾಕೀಸಿನಲ್ಲಿ ಅದಕ್ಕೆ ಮಾತಾಡಿದವಳು ಲಮುನ್. ಅಪ್ಪನ ದನಿ ಅವಳು ಕೇಳಿದವಳಲ್ಲ. ಯಾವ ನಾಯಕನಿಗೂ ಕೊಡುವ ಗಡಸು ದನಿಯನ್ನೇ ಕೊಟ್ಟಳು. ಊರಿಂದ ಮೂರು ಲಾರಿ ಜನ ಹೋಗಿದ್ದರು, ಬುವಾಲಾಯ್ ಕೂಡ. ಕೊನೆಗೆ ತೆರೆಯ ಮೇಲಿನ ಮೇಷ್ಟ್ರು, "ತಾಯ್ನಾಡಿನ ಮಣ್ಣೇ, ನಿನ್ನ ಮಗ ಮರಳಿ ಬಂದಿದ್ದಾನೆ" ಎಂದಾಗ ಜನ ಎದ್ದು ನಿಂತರು. ಬುವಾಲಾಯ್ ಕೂಡ ಎದ್ದು ನಿಂತಳು. ಮನೆಗೆ ಬರುವಾಗ ಸೈಕಲ್ ಗಾಡಿಯಲ್ಲಿ, "ಹರಕೆ ತೀರಿಸ್ಬೇಕು" ಎಂದಳು.

"ಯಾವ ಹರಕೆ ಅವ್ವ?"

"ನಂಗಿರೋದು ಒಂದೇ ಹರಕೆ. ನಿಮ್ಮಪ್ಪ ಬಂದ್ರಲ್ಲ."

ಲಮುನ್ ಅವ್ವನ ಮುಖ ನೋಡಿದಳು. ಜ್ವರವಿರಲಿಲ್ಲ, ಅಳುವಿರಲಿಲ್ಲ. ಪೇಟೆಯಲ್ಲಿ ಕೊಂಡ ಸುಟ್ಟ ಬಾಳೆಹಣ್ಣು ತಿನ್ನುತ್ತಿದ್ದಳು.

"ಅದು ಸಿನಿಮಾ ಅವ್ವ. ಮಾತಾಡಿದ್ದು ನಾನು."

"ಅದಕ್ಕೇ ಹೇಳಿದ್ದು. ಬೇರೆಯವರು ಹೇಳಿದ್ರೆ ನಂಬ್ತಿರಲಿಲ್ಲ. ಮಗಳ ಬಾಯಿಂದ್ಲೇ ಕೇಳಿದ್ನಲ್ಲ" ಎಂದು ಅವಳು ಸಿಪ್ಪೆ ಎಸೆದಳು.

ಆ ರಾತ್ರಿ ಲಮುನ್‌ಗೆ ನಿದ್ದೆ ಬರಲಿಲ್ಲ. ಅವ್ವನ ತಲೆ ಕೆಟ್ಟಿದ್ದರೆ ಕೆಡಿಸಿದ್ದು ತನ್ನ ಬಾಯಿ. ಇಷ್ಟು ವರ್ಷ ನೆಟ್ಟಗೆ ಬದುಕಿದ ಹೆಂಗಸು ಇನ್ನು ಮುಂದೆ ಇಲ್ಲದ ಗಂಡನಿಗೆ ಹಾಸಿಗೆ ಹಾಸುತ್ತ, ತಟ್ಟೆ ಇಡುತ್ತ ಉಳಿದುಬಿಟ್ಟರೆ? ಅವಳು ಬುನ್‌ರೋಡನನ್ನು ಎಬ್ಬಿಸಿ ಕೇಳಿದಳು. ಅವನು ಯೋಚಿಸಿ, "ಸುರುಳಿ ಇನ್ನೂ ವಾಪಸ್ ಕಳಿಸಿಲ್ಲ" ಎಂದ. ಅದು ಉತ್ತರವೋ ಅಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಬೆಳಗ್ಗೆ ಅಂಬಿಗ ಸೀಲಾನ ಹತ್ತಿರ ಹೋದಳು. ಕಂಡವನು ಅವನೊಬ್ಬನೇ. ಅವನು ಅವ್ವನಿಗೆ ಒಂದು ಮಾತು ಹೇಳಿದರೆ ಸಾಕಿತ್ತು.

"ಸೀಲಾಜ್ಜ, ಅಪ್ಪ ಮುಳುಗಿದ್ದನ್ನ ನೋಡಿದೋನು ನೀನೇ ಅಲ್ವಾ?"

ಮುದುಕ ಬಲೆ ಹೊಲಿಯುತ್ತಿದ್ದ. "ನೋಡ್ದೆ. ಮುಳುಗಿದ್ರು. ಆಮೇಲೆ ಬಿದಿರ ಮೆಳೆ ಹತ್ರ ಒಂದು ಕೈ ಮೇಲೆ ಬಂತು."

"ಕೈ? ಇಷ್ಟು ವರ್ಷ ಈ ಕೈ ಎಲ್ಲಿತ್ತು?"

"ಮರೆತಿತ್ತು ಮಗಳೇ. ಸಿನಿಮಾ ನೋಡ್ದಾಗ ನೆನಪಾಯ್ತು."

"ಎಷ್ಟು ಸಲ ನೋಡ್ದೆ ಸಿನಿಮಾನ?"

"ಮೂರು. ಮೂರನೇ ಸಲಕ್ಕೆ ಎರಡು ಕೈನೂ ನೆನಪಾಯ್ತು."

ಸೀಲಾ ಸುಳ್ಳು ಹೇಳುವ ಮನುಷ್ಯನಲ್ಲ. ಅವನ ಕಣ್ಣಲ್ಲಿ ನೀರಿತ್ತು. ಇಪ್ಪತ್ತೈದು ವರ್ಷ ತನ್ನ ದೋಣಿಯೇ ಮೇಷ್ಟ್ರನ್ನು ಕೊಂದಿತು ಎಂದು ಕೊರಗಿದವನಿಗೆ ಬ್ಯಾಂಕಾಕಿನವರು ಎರಡು ಕೈ ಕೊಟ್ಟಿದ್ದರು. ಅದನ್ನು ಕಿತ್ತುಕೊಳ್ಳಲು ಲಮುನ್‌ಗೆ ಮನಸ್ಸಾಗಲಿಲ್ಲ. ಎದ್ದು ಬಂದಳು. ದಾರಿಯಲ್ಲಿ ಅವಳಿಗೇ ಒಂದು ಗಳಿಗೆ, ನಿಜವಾಗಿ ಈಜಿದ್ದರೂ ಈಜಿರಬಹುದಲ್ಲ ಅನ್ನಿಸಿಬಿಟ್ಟಿತು. ತನ್ನ ಮೇಲೆ ತನಗೇ ಸಿಟ್ಟು ಬಂತು.

ಉಳಿದವನು ಗುಡಿಯ ಪೂಜಾರಿ ಟೊಂಗ್‌ದಾಮ್. ಬುವಾಲಾಯ್ ಅವನ ಜಗಲಿಯಲ್ಲಿ ಆಗಲೇ ಹೋಗಿ ಕೂತಿದ್ದಳು. ಲಮುನ್ ಹೋಗಿ ಎದುರು ಕೂತು ಇದ್ದದ್ದು ಇದ್ದ ಹಾಗೆ ಹೇಳಿದಳು. ಹೆಣವಾದವರು ದುಡ್ಡಿಗೆ ತೋರಿಸುವ ಸಿನಿಮಾದಲ್ಲಿ ಎದ್ದುಬಂದರೆ ಹರಕೆ ಫಲಿಸಿದ ಹಾಗಾಗುತ್ತದೆಯೇ ಎಂದು ಕೇಳಿದಳು. ಟೊಂಗ್‌ದಾಮ್ ಎಲೆಯಡಿಕೆ ಉಗುಳಿ ಬಂದು ಅವ್ವನ ಕಡೆ ತಿರುಗಿದ.

"ಹರಕೆಯಲ್ಲಿ ಏನಂದಿದ್ದೆ ಬುವಾಲಾಯ್? ಗಂಡ ಬಂದ್ರೆ ಅಂದಿದ್ಯೋ, ಬದುಕಿ ಬಂದ್ರೆ ಅಂದಿದ್ಯೋ?"

"ಮೆಟ್ಟಿಲು ಹತ್ತಿ ಬಂದ್ರೆ ಅಂದಿದ್ದೆ."

"ಹತ್ತಿದ್ದಾನೆ, ಅದನ್ನ ನಾನೂ ನೋಡ್ದೆ. ಆದ್ರೆ ಅಜ್ಜ ನೋಡಿಲ್ವಲ್ಲ. ಟಾಕೀಸಿರೋದು ಪೇಟೆಯಲ್ಲಿ. ಅಜ್ಜನ ಸರಹದ್ದು ನಮ್ಮ ಹಳ್ಳದ ತನಕ ಮಾತ್ರ. ಬಂದಿದ್ದನ್ನ ನೋಡ್ದೇ ಅಜ್ಜ ಹರಕೆ ಹೆಂಗೆ ಮುಟ್ಟಿಸ್ಕೊಳ್ತಾನೆ?"

ಲಮುನ್‌ಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅವನು ಬೆರಳೆತ್ತಿದ. "ಅದಕ್ಕೆ ಒಂದು ದಾರಿ ಇದೆ. ಕೊನೇ ಸುರುಳಿನ ಮೊದ್ಲು ಹಾಕಿ. ಬಂದಿದ್ದು ಅಜ್ಜ ನೋಡ್ಲಿ. ಹರಕೆ ಫಲಿಸ್ತು ಅಂತಾಗತ್ತೆ. ಆಮೇಲೆ ಮೊದಲನೇ ಸುರುಳಿಯಿಂದ ಆಟ ಶುರು ಮಾಡಿ, ಹರಕೆ ತೀರಿಸಿ."

"ಆಗ ಮೂರನೇ ಸುರುಳಿಗೆ ಆಟ ಮುಗಿಯತ್ತೆ. ಅಪ್ಪ ದೋಣಿ ಹತ್ತಿ ಹೋಗೋದಕ್ಕೆ ನಿಲ್ಲತ್ತೆ" ಎಂದಳು ಲಮುನ್.

"ಅದು ಸಿನಿಮಾದವರ ವಿಷಯ. ನಂದು ಗುಡಿ ವಿಷಯ" ಎಂದ ಟೊಂಗ್‌ದಾಮ್.

ಮನೆಗೆ ನಡೆಯುವಾಗ ಅವಳು ಕೊನೆಯ ಅಸ್ತ್ರ ತೆಗೆದಳು. "ಅವ್ವ, ಆ ಮೆಟ್ಟಿಲು ನಮ್ಮ ದೋಣಿಗಟ್ಟೆದಲ್ಲ. ಎಲ್ಲೋ ಬ್ಯಾಂಕಾಕಿನ ಹತ್ರದ್ದು. ನಮ್ಮದು ಹತ್ತೊಂಬತ್ತು ಮೆಟ್ಟಿಲು, ಅದು ಹನ್ನೊಂದೇ."

"ಗೊತ್ತು. ನಾನೂ ಎಣಿಸ್ದೆ."

"ಆ ಮನುಷ್ಯ ಅಪ್ಪ ಅಲ್ಲ."

"ಅಷ್ಟು ಎತ್ತರ ಇರ್ಲಿಲ್ಲ ನಿಮ್ಮಪ್ಪ. ಅಷ್ಟು ಬೆಳ್ಳಗೂ ಇರ್ಲಿಲ್ಲ."

"ಎಲ್ಲಾ ಗೊತ್ತಿದ್ದೂ ಮತ್ಯಾಕವ್ವ?"

"ಅಜ್ಜಂಗೆ ಗೊತ್ತಿಲ್ವಲ್ಲ" ಎಂದಳು ಬುವಾಲಾಯ್.

ಲಮುನ್ ದಾರಿಯಲ್ಲೇ ನಿಂತುಬಿಟ್ಟಳು. ಹುಚ್ಚಿಯಾಗಿದ್ದರೆ ಸಂಕಟವಾದರೂ ಅರ್ಥವಾಗುತ್ತಿತ್ತು. ಹುಚ್ಚಿಲ್ಲದೆ ಊರು ಕಾಯುವವನಿಗೇ ಟೋಪಿ ಹಾಕಲು ಹೊರಟಿದ್ದಾಳೆ, ಅದೂ ಮಗಳ ಬಾಯಿಂದ. ಕುರ್ಚಿಗೆ ಮೋಸ ಮಾಡಬಾರದು ಎಂದು ಊರೂರಿಗೆ ಹೇಳಿಕೊಂಡು ಬಂದವಳು ತಾನು. ಏನಾದರೂ ಆದರೆ ಅಜ್ಜ ಯಾರನ್ನು ಹಿಡಿಯುತ್ತಾನೆ? ಮಾಡಿಸಿದವರನ್ನೋ, ಮಾತಾಡಿದವರನ್ನೋ?

ಆಟದ ದಿನ ಮಧ್ಯಾಹ್ನ ಅವಳು ಅವ್ವನ ಮನೆಗೆ ಹೋದಾಗ ಅಡುಗೆ ಕೋಣೆಯಲ್ಲಿ ಎರಡು ದೊಡ್ಡ ಹಂಡೆ ತುಂಬ ಅಂಟಕ್ಕಿ ನೆನೆಹಾಕಿತ್ತು. ಒಬ್ಬಂಟಿ ಹೆಂಗಸು ಹಿಡಿಯಕ್ಕಿ ಬೇಯಿಸಿಕೊಳ್ಳುವ ಮನೆ ಅದು. ಗಂಡ ಬರುತ್ತಾನೆಂದು ಊರಿಗೇ ಔತಣ ಹೂಡಿದ್ದಾಳೆ, ಮುಗಿಯಿತು ಇನ್ನು ಎಂದುಕೊಂಡಳು ಲಮುನ್. ಅವಳಿಗೆ ಎದೆ ಒಡೆದು ಅಳು ಬಂತು. ಅಳುವಿನಲ್ಲಿ ಗಂಟಲು ಕೆಟ್ಟರೆ ಸಂಜೆಗೆ ಕಷ್ಟವೆಂದು ತಡೆದುಕೊಂಡಳು. ಅಕ್ಕಿ ಯಾರಿಗೆಂದು ಕೇಳುವುದನ್ನು ಬಿಟ್ಟು ಬೇರೆಯದನ್ನು ಕೇಳಿದಳು.

"ಅವ್ವ, ಅಪ್ಪ ನಿಜವಾಗ್ಲೂ ಬಂದಿದ್ರೆ ಮೆಟ್ಟಿಲ ಮೇಲೆ ಏನಂತಿದ್ರು? ಪುಸ್ತಕದಲ್ಲಿರೋ ಭಾಷಣ ನಂಗೆ ಹೇಳೋಕೆ ಬಾಯಿ ಬರ್ತಿಲ್ಲ."

ಬುವಾಲಾಯ್ ಅಕ್ಕಿಯಲ್ಲಿ ಕೈಯಾಡಿಸುತ್ತ ನಕ್ಕಳು. "ಭಾಷಣ ಎಲ್ಲಾ ಶಾಲೆಯಲ್ಲೇ ಬಿಟ್ಟು ಬರ್ತಿದ್ರು. ಮನೆ ಹತ್ರ ಬಂದು, 'ಊಟ ಆಯ್ತಾ?' ಅಂತಿದ್ರು. ದಿನಾ ಅದೊಂದೇ."

ಗುಡಿಯೆದುರು ಆಲದ ಮರಕ್ಕೆ ತೆರೆ ಕಟ್ಟಿದ್ದರು. ಹೊತ್ತು ಮುಳುಗುತ್ತಿದ್ದಂತೆ ಟೊಂಗ್‌ದಾಮ್ ಊದುಬತ್ತಿ ಹಚ್ಚಿ ಅಜ್ಜನನ್ನು ಕರೆದ. ನಾಲ್ಕು ಕುರ್ಚಿ, ನಾಲ್ಕು ಲೋಟ. ಪಕ್ಕದಲ್ಲಿ ಬುವಾಲಾಯ್ ಐದನೆಯ ಕುರ್ಚಿ ತಂದುಹಾಕಿಕೊಂಡು ಕೂತಳು, ಅದರ ಪಕ್ಕಕ್ಕೆ ಆರನೆಯದನ್ನೂ ಹಾಕಿದಳು. ಆ ಕುರ್ಚಿ ಯಾರಿಗೆಂದು ಯಾರೂ ಕೇಳಲಿಲ್ಲ. ಊರವರು ಬೇಲಿಯಾಚೆ ದೂರದಲ್ಲಿ ನಿಂತರು. ಸೀಲಾ ಎಲ್ಲರಿಗಿಂತ ಮುಂದಿದ್ದ.

ಬುನ್‌ರೋಡ್ ನಾಲ್ಕನೆಯ ಸುರುಳಿ ಏರಿಸಿದ. ಲಮುನ್ ಟಾರ್ಪಾಲಿನ ಕೆಳಗೆ ಮೈಕು ಹಿಡಿದು ಕೂತಳು. ಸುಳಿ, ಬಡಿದಾಟ, ಬೂಟು ಎಲ್ಲ ಆಯಿತು. ಬಿಳಿ ಅಂಗಿಯ ಎತ್ತರದ ಮನುಷ್ಯ ಹನ್ನೊಂದು ಮೆಟ್ಟಿಲು ಹತ್ತಿ ನಿಂತು ಬಾಯಿ ತೆರೆದ. ಭಾಷಣದ ಪುಟ ಅವಳ ಮುಂದೆ ತೆರೆದೇ ಇತ್ತು.

"ಊಟ ಆಯ್ತಾ?" ಎಂದಳು.

ಗಡಸು ದನಿ ಬರಲಿಲ್ಲ. ಯಾವ ನಾಯಕನದೂ ಅಲ್ಲದ, ಒಡಕು, ಸಣ್ಣ ದನಿಯೊಂದು ಆಲದ ಮರಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಕೇಳಿತು. ತೆರೆಯ ಮೇಲೆ ಮನುಷ್ಯ ಇನ್ನೂ ಬಾಯಿ ಆಡಿಸುತ್ತಲೇ ಇದ್ದ, ಭಾಷಣ ಉದ್ದವಿತ್ತಲ್ಲ.

ಆಗ ಬುವಾಲಾಯ್ ಕೂತಲ್ಲಿಂದಲೇ ಉತ್ತರ ಕೊಟ್ಟಳು. "ನಂದಾಯ್ತು. ನಿಮ್ಮದು?"

ಲಮುನ್ ಮೈಕು ಹಿಡಿದ ಒಂಬತ್ತು ವರ್ಷದಲ್ಲಿ ಸಿನಿಮಾಕ್ಕೆ ಬೈದವರು, ಕಲ್ಲೆಸೆದವರು ಇದ್ದರು, ಅದನ್ನು ಹೀಗೆ ಮಾತಾಡಿಸಿ ಉತ್ತರಕ್ಕೆ ಕಾದವರಿರಲಿಲ್ಲ. ಲಮುನ್ ಪುಸ್ತಕ ನೋಡಿದಳು, ಗಂಡನ ಮುಖ ನೋಡಿದಳು. ಹೌದು ಎಂದರೆ ಅವ್ವನಿಗೆ ಸಮಾಧಾನವಾದೀತು, ಆದರೆ ಅದು ಸುಳ್ಳು. ಇಲ್ಲ ಎಂದರೆ ಅವ್ವ ಏನು ಮಾಡಿಕೊಳ್ಳುತ್ತಾಳೋ ಗೊತ್ತಿಲ್ಲ. ಖಾಲಿ ಕುರ್ಚಿಗಳೂ ಕಾಯುತ್ತಿರುವ ಹಾಗೆ ಅವಳಿಗೆ ಅನ್ನಿಸಿತು. ತೆರೆಯ ಮೇಲೆ ಬಾಯಿ ಆಡುವುದು ನಿಲ್ಲಲು ಇನ್ನೆರಡು ಕ್ಷಣವಿತ್ತು.

"ಇನ್ನೂ ಇಲ್ಲ" ಎಂದಳು.

"ಬನ್ನಿ, ಕೂತ್ಕೊಳ್ಳಿ" ಎಂದು ಬುವಾಲಾಯ್ ಪಕ್ಕದ ಕುರ್ಚಿಯನ್ನು ಹೆಗಲ ಬಟ್ಟೆಯಿಂದ ಒರೆಸಿದಳು. ಬೇಲಿಯಾಚೆ ಯಾರೋ ಬಿಕ್ಕಿದರು, ಸೀಲಾನೇ ಇರಬೇಕು.

ಟೊಂಗ್‌ದಾಮ್ ಗಂಟೆ ಬಾರಿಸಿದ, ಅಜ್ಜ ನೋಡಿದ ಎಂದು ಸಾರಿದ. ಬುನ್‌ರೋಡ್ ಮೊದಲನೆಯ ಸುರುಳಿ ಹಾಕಿದ. ಅಲ್ಲಿಂದ ಮೂರು ಸುರುಳಿ ಮುಗಿಯುವವರೆಗೂ ಲಮುನ್ ಕೈಯಲ್ಲಾದಷ್ಟು ಚೆನ್ನಾಗಿ ಮಾತಾಡಿದಳು. ತಮಾಷೆಗಳನ್ನೂ ಬಿಡಲಿಲ್ಲ. ಶಾಲೆ, ಮದುವೆ, ಕೂಸು, ಪತ್ರ. ಅವ್ವ ಆಗಾಗ ಪಕ್ಕಕ್ಕೆ ಬಾಗಿ ಏನೋ ಹೇಳಿ ನಗುವುದು ಕಾಣುತ್ತಿತ್ತು. ಕಂಡಷ್ಟೂ ಲಮುನಳ ಭಯ ಹೆಚ್ಚಾಯಿತು. ಮೂರನೆಯ ಸುರುಳಿಯ ಕೊನೆಯಲ್ಲಿ ಮೇಷ್ಟ್ರು ದೋಣಿ ಹತ್ತಿದರು. ದೋಣಿ ಸಣ್ಣದಾಗುತ್ತ ಹೋಯಿತು. ಅಲ್ಲಿ ಯಾರಿಗೂ ಮಾತಿರಲಿಲ್ಲ. ಸುರುಳಿ ತೀರಿ ತೆರೆ ಬರೀ ಬೆಳ್ಳಗಾಯಿತು.

ಬುವಾಲಾಯ್ ಎದ್ದು ನಿಂತು ಆರನೆಯ ಕುರ್ಚಿಯ ಕಡೆ ತಿರುಗಿದಳು.

"ನೋಡಿದ್ರಲ್ಲ, ಅವತ್ತು ಹೀಗಾಯ್ತು. ಹರಕೆ ತೀರ್ತು. ಇನ್ನು ಕಾಯಬೇಡಿ. ನಾಳೆ ಬೆಳಗ್ಗೆ ಭಿಕ್ಷುಗಳು ಬರ್ತಾರೆ, ಊರಿಗೆಲ್ಲ ಅನ್ನ ಹಂಚ್ತೀನಿ. ಹೊಟ್ಟೆ ತುಂಬ ಉಂಡು ಹೊರಡಿ."

ಹೇಳಿ ಕುರ್ಚಿಯನ್ನು ಮಡಿಚಿ ಮರಕ್ಕೆ ಒರಗಿಸಿದಳು.

ಲಮುನ್‌ಗೆ ಎರಡು ಹಂಡೆ ಅಕ್ಕಿ ನೆನಪಾಯಿತು. ಮೈಕು ಕೈಯಲ್ಲೇ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬುನ್‌ರೋಡನ ಕೈಗೆ ಕೊಟ್ಟಳು. ಅವ್ವನ ಹತ್ತಿರ ಹೋದಳು.

"ಅವ್ವ, ಅಪ್ಪನ ದನಿ ಹಂಗೇ ಇತ್ತಾ?"

"ಒಂಚೂರೂ ಹಂಗಿರ್ಲಿಲ್ಲ ಕಣೇ" ಎಂದಳು ಬುವಾಲಾಯ್. ಆಮೇಲೆ ಮಗಳ ಕೆನ್ನೆಯನ್ನು ಹೆಗಲ ಬಟ್ಟೆಯಿಂದ ಒರೆಸಿ, "ನಡಿ, ಅಕ್ಕಿ ನೆಂದಿದೆ" ಎಂದಳು.